ಸ್ಕ್ಯಾನ್ ಸರಿಯಿದೆ, ಗೇರ್ ಕೂಗುತ್ತಿದೆ: ಹಳೆಯ ಬಿಡಿಭಾಗದಿಂದ ಡಿಜಿಟಲ್ ಮಾದರಿ ಕಟ್ಟುವಾಗಿನ ದೋಷ ಪತ್ತೆ

ಡಿಸೆಂಬರ್‌ನಲ್ಲಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ನಿಂತರೆ ಕೊಡಗಿನ ಕಾಫಿ ತೋಟದಲ್ಲಿ ಒಂದು ದಿನವೂ ಕಾಯುವಂತಿಲ್ಲ. ಕೊಯ್ದ ಹಣ್ಣಿನ ಸಿಪ್ಪೆಯನ್ನು ಅಂದೇ ಬಿಡಿಸಬೇಕು. ರಾತ್ರಿಯೆಲ್ಲ ಚೀಲದಲ್ಲೇ ಉಳಿದರೆ ಬಿಸಿಯೇರಿ ಹುಳಿಯುತ್ತದೆ, ಪಾರ್ಚ್‌ಮೆಂಟ್‌ನ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜದ) ಗುಣ ಕೆಡುತ್ತದೆ. ಅದಕ್ಕೇ ಗೋಣಿಕೊಪ್ಪಲಿನ ಬಳಿಯಿರುವ ನನ್ನ ಸಣ್ಣ ವರ್ಕ್‌ಶಾಪಿಗೆ ಮಳೆಗಾಲದಲ್ಲೇ ಸವೆದ ಬಿಡಿಭಾಗಗಳು ಬರತೊಡಗುತ್ತವೆ. ಪಲ್ಪರ್ ಗೇರ್, ಪಂಪಿನೊಳಗೆ ನೀರು ತಳ್ಳುವ ರೆಕ್ಕೆಚಕ್ರವಾದ ಇಂಪೆಲ್ಲರ್, ಮೆಣಸು ಬಿಡಿಸುವ ಯಂತ್ರದ ಪುಲ್ಲಿ, ಹೀಗೆ. ಎಷ್ಟೋ ಯಂತ್ರಗಳ ತಯಾರಕರು ಈಗಿಲ್ಲ, ನಕ್ಷೆ ಯಾರ ಬಳಿಯೂ ಸಿಗುವುದಿಲ್ಲ. ಕೈಯಲ್ಲಿರುವ ಭಾಗವನ್ನೇ 3ಡಿ ಸ್ಕ್ಯಾನ್ ಮಾಡಿ, ಅಂದರೆ ಬೆಳಕು ಹಾಯಿಸಿ ಅದರ ಮೈಯ ಆಕಾರ ತೆಗೆದು, ಕಂಪ್ಯೂಟರ್‌ನಲ್ಲಿ ತಿದ್ದಲು ಬರುವಂಥ ಮಾದರಿಯನ್ನು ಕಟ್ಟಿ, ಅದರಿಂದ ಹೊಸದನ್ನು ಮಾಡಿಸಬೇಕು.

ಹಾಗೆ ಮಾಡಿಸಿದ ಭಾಗ ಕೂರದಿದ್ದಾಗ ತಪ್ಪನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಕ್ಯಾನರ್ ಕೊಂಡ ಹೊಸಬರು ಎಲ್ಲ ದೋಷವನ್ನೂ ಸ್ಕ್ಯಾನರ್ ಮೇಲೆ ಹಾಕುತ್ತಾರೆ. ನಾನು ಕಂಡಂತೆ ಸ್ಕ್ಯಾನರ್ ತನ್ನ ಕೆಲಸವನ್ನು ಬಹುಪಾಲು ನಿಷ್ಠೆಯಿಂದಲೇ ಮಾಡಿರುತ್ತದೆ. ತೊಂದರೆ ಆ ನಿಷ್ಠೆಯಲ್ಲೇ ಇದೆ. ಭಾಗ ಈಗ ಹೇಗಿದೆಯೋ ಹಾಗೆ ಅದು ತೋರಿಸುತ್ತದೆ. ನಮಗೆ ಬೇಕಾದದ್ದು ಆ ಭಾಗ ಹೊಸದಾಗಿದ್ದಾಗ ಹೇಗಿತ್ತು ಎಂಬುದು.

ಒಂದು ಪ್ರಕರಣ

ಅಮ್ಮತ್ತಿ ಕಡೆಯ ತೋಟವೊಂದರ ಹಳೆಯ ಡ್ರಮ್ ಪಲ್ಪರ್. ಹಣ್ಣು ಒಳಬಿಡುವ ರೋಲರ್‌ನ 40 ಹಲ್ಲಿನ ಗೇರ್ ಸವೆದಿತ್ತು. ಅದನ್ನು ಸ್ಕ್ಯಾನ್ ಮಾಡಿ, ಬಂದ ಆಕಾರವನ್ನೇ ನಯಗೊಳಿಸಿ, ಉಕ್ಕಿನ ತಟ್ಟೆಯಲ್ಲಿ ವೈರ್‌ಕಟ್ ಮಾಡಿಸಿ (ವಿದ್ಯುತ್ ಹರಿಯುವ ತಂತಿಯಿಂದ ಕತ್ತರಿಸಿ) ಕಳುಹಿಸಿದ್ದೆ. ಎರಡೇ ದಿನದಲ್ಲಿ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರು.

"ಅಣ್ಣ, ಗೇರ್ ಶಾಫ್ಟಿಗೆ ಕೂತಿದೆ, ಆದರೆ ತಿರುಗುವಾಗ ಕೂಗುತ್ತದೆ. ಬೆಲ್ಟ್ ತೆಗೆದು ಕೈಯಲ್ಲಿ ತಿರುಗಿಸಿ ನೋಡಿದೆ. ಪ್ರತಿ ಸುತ್ತಿಗೂ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ."

"ರೈಟರೇ, ಹಳೆಯದನ್ನು ಗುಜರಿಗೆ ಹಾಕಬೇಡಿ. ಹಳೆಯ ಗೇರ್, ಹೊಸ ಗೇರ್, ಅದಕ್ಕೆ ಕಚ್ಚುವ ಸಣ್ಣ ಗೇರ್ ಅಂದರೆ ಪಿನಿಯನ್, ಮೂರನ್ನೂ ತನ್ನಿ. ಎರಡು ಶಾಫ್ಟಿನ ನಡುವಿನ ಅಂತರವನ್ನು ನಾನೇ ಬಂದು ಅಳೆಯುತ್ತೇನೆ" ಎಂದೆ.

ಅವರು ಕೊಟ್ಟ ವಿವರ ಅಮೂಲ್ಯವಾದದ್ದು. ಕೂಗು ಒಂದು ದೋಷ, ಸುತ್ತಿಗೊಮ್ಮೆ ಬರುವ ಬಿಗಿತ ಇನ್ನೊಂದು ದೋಷ. ಎರಡಕ್ಕೂ ಕಾರಣ ಬೇರೆ ಬೇರೆ ಎಂದು ಆಮೇಲೆ ತಿಳಿಯಿತು.

ಮೊದಲು ಯಾವ ಹಂತದ ತಪ್ಪು ಎಂದು ಹಿಡಿಯಿರಿ

ಮಾದರಿಯ ಫೈಲ್ ತೆರೆದು ತಿದ್ದಲು ಹೊರಡುವ ಮುನ್ನ ವರ್ನಿಯರ್ ಮತ್ತು ಮೈಕ್ರೋಮೀಟರ್ ಕೈಗೆ ತೆಗೆದುಕೊಳ್ಳಿ. ಹಳೆಯ ಭಾಗ, ಕಂಪ್ಯೂಟರ್‌ನಲ್ಲಿರುವ ಮಾದರಿ, ಹೊಸ ಭಾಗ, ಈ ಮೂರರ ಮೇಲೂ ಒಂದೇ ಜಾಗದ ಅಳತೆಗಳನ್ನು ಬರೆದುಕೊಳ್ಳಿ. ಹೊಸ ಭಾಗಕ್ಕೂ ಮಾದರಿಗೂ ವ್ಯತ್ಯಾಸವಿದ್ದರೆ ತಪ್ಪು ತಯಾರಿಕೆಯದು. ಅವೆರಡೂ ಒಂದೇ ಆಗಿದ್ದು, ಹಳೆಯ ಭಾಗದ ಸವೆಯದ ಜಾಗದ ಅಳತೆಗೆ ಮಾದರಿ ಹೊಂದದಿದ್ದರೆ ತಪ್ಪು ಸ್ಕ್ಯಾನಿನದು ಅಥವಾ ಮಾದರಿ ಕಟ್ಟುವಾಗಿನದು. ಮೂರೂ ಒಂದಕ್ಕೊಂದು ಹೊಂದಿ, ಆದರೂ ಭಾಗ ಕೆಲಸ ಮಾಡದಿದ್ದರೆ ನೀವು ಸವೆತವನ್ನೇ ನಕಲು ಮಾಡಿದ್ದೀರಿ.

ಅಮ್ಮತ್ತಿಯ ಗೇರಿನ ಹಲ್ಲುಗಳಲ್ಲಿ ಮೂರೂ ಹೊಂದಿದ್ದವು. ವೈರ್‌ಕಟ್ ಮಾಡಿದವರು ನನ್ನ ಫೈಲಿನಿಂದ 0.02 ಮಿಮೀ ಕೂಡ ಆಚೀಚೆ ಹೋಗಿರಲಿಲ್ಲ. ತಪ್ಪು ನನ್ನದೇ.

ಅಳತೆಗಳು ಹೊಂದದಿದ್ದಾಗ ಇನ್ನೊಂದು ಪರೀಕ್ಷೆ ಮಾಡಿ. ಮೂರು ದಿಕ್ಕಿನಲ್ಲಿ ಒಂದು ಸಣ್ಣ, ಒಂದು ಮಧ್ಯಮ, ಒಂದು ದೊಡ್ಡ ಅಳತೆಯನ್ನು ಆರಿಸಿ, ತಪ್ಪಿನ ಅಳತೆಯನ್ನು ಸರಿಯಾದುದರಿಂದ ಭಾಗಿಸಿ ನೋಡಿ, ಕಳೆದೂ ನೋಡಿ. ಭಾಗಿಸಿದಾಗ ಎಲ್ಲೆಡೆ ಒಂದೇ ಸಂಖ್ಯೆ ಬಂದರೆ ಅದು ಮಾನದ, ಅಂದರೆ ಸ್ಕೇಲಿನ, ದೋಷ: ಮಿಲಿಮೀಟರ್-ಇಂಚಿನ ಗೊಂದಲ ಅಥವಾ ಎರಕದ ಕುಗ್ಗುವಿಕೆ. ಕಳೆದಾಗ ಎಲ್ಲೆಡೆ ಒಂದೇ ಸಂಖ್ಯೆ ಬಂದರೆ, ಹೊರಮೈ ಅಷ್ಟು ಹಿಗ್ಗಿ ರಂಧ್ರಗಳು ಅಷ್ಟೇ ಕುಗ್ಗಿದ್ದರೆ, ಅದು ಮೇಲ್ಮೈಯ ದೋಷ: ಸ್ಕ್ಯಾನಿಗೆಂದು ಹೊಡೆದ ಪುಡಿಯ ಪದರ, 3ಡಿ ಪ್ರಿಂಟರ್ ಸುರಿದ ಹೆಚ್ಚುವರಿ ಪ್ಲಾಸ್ಟಿಕ್, ಅಥವಾ ಕಟರ್‌ನ ವ್ಯಾಸವನ್ನು ತಪ್ಪಾಗಿ ಕೊಟ್ಟದ್ದು. ಎರಡೂ ಅಲ್ಲದೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಬಂದರೆ ಭಾಗ ಬಾಗಿದೆ, ಇಲ್ಲವೇ ಸ್ಕ್ಯಾನಿನ ತುಣುಕುಗಳನ್ನು ಹೊಂದಿಸುವಾಗ ಜಾರಿದೆ. ಹತ್ತು ನಿಮಿಷದ ಈ ಲೆಕ್ಕ ಎರಡು ದಿನದ ಅಲೆದಾಟವನ್ನು ಉಳಿಸುತ್ತದೆ.

ಮಾನದ ದೋಷಗಳನ್ನು ಬೇಗ ಮುಗಿಸೋಣ. ಆಕಾರವನ್ನು ತ್ರಿಕೋನಗಳ ಜಾಲವಾಗಿ ಇಡುವ ಎಸ್‌ಟಿಎಲ್ ಫೈಲ್‌ನಲ್ಲಿ ಆ ತ್ರಿಕೋನಗಳ ಮೂಲೆಗಳ, ದಿಕ್ಕಿನ ಸಂಖ್ಯೆಗಳಷ್ಟೇ ಇರುತ್ತವೆ. ಅವು ಮಿಲಿಮೀಟರೋ ಇಂಚೋ ಎಂಬ ಮಾಹಿತಿ ಇರುವುದಿಲ್ಲ. ಭಾಗಿಸಿದಾಗ 25.4 ಅಥವಾ 0.039 ಬಂದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಶೇ 1ರಷ್ಟು ಕಡಿಮೆ ಬಂದರೆ ಎರಕದ ಕುಗ್ಗುವಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಕದ ಕಬ್ಬಿಣ ತಣಿಯುವಾಗ ಮೀಟರಿಗೆ ಸುಮಾರು 10 ಮಿಮೀ ಕುಗ್ಗುತ್ತದೆ, ಅಲ್ಯೂಮಿನಿಯಂ ಅದಕ್ಕಿಂತ ಹೆಚ್ಚು. ಶೇ 1ರಷ್ಟು ಹೆಚ್ಚು ಬಂದರೆ ಇಬ್ಬರೂ ಲೆಕ್ಕ ಹಾಕಿದ್ದೀರಿ, ನೀವು ಮಾದರಿಯಲ್ಲೊಮ್ಮೆ, ಫೌಂಡ್ರಿಯವರು ಪ್ಯಾಟರ್ನ್‌ನಲ್ಲೊಮ್ಮೆ (ಎರಕದ ಅಚ್ಚು ಮಾಡಲು ಬಳಸುವ ಪ್ರತಿರೂಪದಲ್ಲಿ). 300 ಮಿಮೀ ಪುಲ್ಲಿಯಲ್ಲಿ ಅದು 3 ಮಿಮೀ ಆಗುತ್ತದೆ. ಕುಗ್ಗುವಿಕೆಯನ್ನು ಯಾರು ಸೇರಿಸಬೇಕು ಎಂದು ಫೌಂಡ್ರಿಯವರೊಂದಿಗೆ ಬಾಯಿಮಾತಿನಲ್ಲಲ್ಲ, ಆರ್ಡರ್ ಚೀಟಿಯಲ್ಲೇ ಬರೆದುಕೊಳ್ಳಿ.

ಗೇರ್ ಏಕೆ ಕೂಗಿತು

ಹಳೆಯ ಗೇರಿನ ಹೊರ ವ್ಯಾಸ 132.6 ಮಿಮೀ ಇತ್ತು. ಹಲ್ಲು 40. ಸಾಮಾನ್ಯ ಗೇರಿನಲ್ಲಿ ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಬಂದ ಮೊತ್ತದಿಂದ ಹೊರ ವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಸಿಗುತ್ತದೆ. 132.6ನ್ನು 42ರಿಂದ ಭಾಗಿಸಿದರೆ 3.157. ಪ್ರಮಾಣಿತ ಮಾಡ್ಯೂಲ್‌ಗಳ ಯಾವ ಪಟ್ಟಿಯಲ್ಲೂ ಇಲ್ಲದ ಸಂಖ್ಯೆ. ಇಂಥ ಸಂಖ್ಯೆ ಬಂದಾಗಲೇ ನಾನು ನಿಲ್ಲಬೇಕಿತ್ತು. ನಿಲ್ಲದೆ, ಸ್ಕ್ಯಾನ್ ಹೇಳಿದ್ದೇ ಸರಿ ಎಂದುಕೊಂಡು ಮುಂದೆ ಹೋಗಿದ್ದೆ.

ತೋಟಕ್ಕೆ ಹೋಗಿ ಎರಡು ಶಾಫ್ಟುಗಳ ಕೇಂದ್ರಗಳ ಅಂತರವನ್ನು ಅಳೆದೆ. 88.9 ಮಿಮೀ. ಅಂದರೆ ಸರಿಯಾಗಿ ಮೂರೂವರೆ ಇಂಚು. ಶಾಫ್ಟಿನ ಸವೆಯದ ತುದಿಯ ವ್ಯಾಸ 31.75 ಮಿಮೀ, ಅಂದರೆ ಒಂದೂಕಾಲು ಇಂಚು. ಯಂತ್ರವೇ ತನ್ನ ಭಾಷೆ ಯಾವುದೆಂದು ಹೇಳಿಬಿಟ್ಟಿತು. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ಅದಕ್ಕೂ ಮುಂಚಿನ ಯಂತ್ರಗಳು, ಆಮೇಲೆ ಹಳೆಯ ನಕ್ಷೆಯಲ್ಲೇ ಮಾಡಿದ ಯಂತ್ರಗಳು ಕೊಡಗಿನ ತೋಟಗಳಲ್ಲಿ ಈಗಲೂ ದುಡಿಯುತ್ತಿವೆ. ಅವುಗಳ ಮೈಯೆಲ್ಲ ಇಂಚು.

ಗೇರ್ 40, ಪಿನಿಯನ್ 16, ಒಟ್ಟು 56 ಹಲ್ಲು. ಕೇಂದ್ರಗಳ ಅಂತರವನ್ನು ಅದರ ಅರ್ಧದಿಂದ, ಅಂದರೆ 28ರಿಂದ ಭಾಗಿಸಿದರೆ ಮಾಡ್ಯೂಲ್ 3.175. ಇದು 25.4ರ ಎಂಟನೇ ಒಂದು ಭಾಗ. ಹಾಗಾದರೆ ಇದು 8 ಡಿಪಿ (ಡಯಾಮೆಟ್ರಲ್ ಪಿಚ್) ಗೇರ್; ಪಿಚ್ ವೃತ್ತದ, ಅಂದರೆ ಎರಡು ಗೇರುಗಳು ಕಚ್ಚುವ ಕಾಲ್ಪನಿಕ ವೃತ್ತದ, ಪ್ರತಿ ಇಂಚು ವ್ಯಾಸಕ್ಕೆ 8 ಹಲ್ಲು. ಹೊಸದಿದ್ದಾಗ ಹೊರ ವ್ಯಾಸ 133.35 ಮಿಮೀ ಇದ್ದಿರಬೇಕು. ಹಲ್ಲಿನ ತುದಿ ಸವೆದು 132.6ಕ್ಕೆ ಇಳಿದಿದೆ. ನನ್ನ 3.157ರ ಲೆಕ್ಕದಲ್ಲಿ ಕೇಂದ್ರಗಳ ಅಂತರ 88.4 ಆಗುತ್ತದೆ, ಯಂತ್ರದಲ್ಲಿರುವುದಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ. ಸವೆದ ಹಲ್ಲನ್ನೇ ನಕಲು ಮಾಡಿದ್ದರಿಂದ ಹಲ್ಲುಗಳು ಸರಿಯಾಗಿ ಕಚ್ಚದೆ ಕೂಗಿದವು. ಗೇರ್ ಸವೆಯುತ್ತದೆ, ಶಾಫ್ಟ್ ತಿರುಗುವ ಬುಷ್ ಸವೆಯುತ್ತದೆ, ಆದರೆ ಎರಕದ ಚೌಕಟ್ಟಿನಲ್ಲಿ ಕೊರೆದ ತೂತುಗಳ ಅಂತರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ಗೇರ್ ಒಂದನ್ನೇ ವರ್ಕ್‌ಶಾಪಿಗೆ ತರಿಸಿಕೊಂಡು ಮಾದರಿ ಕಟ್ಟಬೇಡಿ; ಅದು ಕೂರುವ ಜಾಗವನ್ನು ಹೋಗಿ ಅಳೆಯಿರಿ.

ಇನ್ನು ಹಲ್ಲಿನ ಒತ್ತಡ ಕೋನ, ಅಂದರೆ ಹಲ್ಲಿನ ಬದಿ ಎಷ್ಟು ಓರೆ ಎಂಬುದರ ಅಳತೆ. ಹಳೆಯ ಡಿಪಿ ಗೇರುಗಳಲ್ಲಿ 14½ ಡಿಗ್ರಿ ಹೆಚ್ಚು, ಈಗಿನವುಗಳಲ್ಲಿ 20 ಡಿಗ್ರಿ. ಸವೆದ ಹಲ್ಲಿನ ಆಕಾರವನ್ನು ಕಣ್ಣಿನಲ್ಲಿ ನೋಡಿ ಇದನ್ನು ಹೇಳಲಾಗದು. ಆದರೆ ವರ್ನಿಯರ್ ಒಂದರಿಂದಲೇ ಕಂಡುಹಿಡಿಯುವ ಸೊಗಸಾದ ದಾರಿಯೊಂದಿದೆ. ವರ್ನಿಯರ್‌ನ ದವಡೆಗಳಲ್ಲಿ 4 ಹಲ್ಲುಗಳನ್ನು ಹಿಡಿದು ಅಳೆಯಿರಿ. ಅದೇ ಜಾಗದಿಂದ 5 ಹಲ್ಲುಗಳನ್ನು ಹಿಡಿದು ಅಳೆಯಿರಿ. ಒಂದನ್ನು ಇನ್ನೊಂದರಿಂದ ಕಳೆಯಿರಿ. 8 ಡಿಪಿ ಗೇರಿನಲ್ಲಿ ಉತ್ತರ 9.66ರ ಹತ್ತಿರ ಬಂದರೆ ಕೋನ 14½ ಡಿಗ್ರಿ, 9.37ರ ಹತ್ತಿರ ಬಂದರೆ 20 ಡಿಗ್ರಿ. ಈ ಪರೀಕ್ಷೆಯ ಚೆಂದ ಏನೆಂದರೆ, ಎಲ್ಲ ಹಲ್ಲುಗಳೂ ಒಂದೇ ಸಮನಾಗಿ ಸವೆದಿದ್ದರೆ ಎರಡೂ ಅಳತೆಗಳಲ್ಲಿ ಸವೆತ ಅಷ್ಟೇ ಇರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ಗೇರಿನ ಸುತ್ತ ಆರು ಕಡೆ ಅಳೆದು ಸರಾಸರಿ ತೆಗೆದೆ. 9.65 ಬಂತು. ಅಲ್ಲಿಗೆ ಅನುಮಾನ ಮುಗಿಯಿತು.

ಹಲ್ಲಿನ ಆಕಾರಕ್ಕೆ ಸಾಕ್ಷಿ ಬೇಕೆಂದರೆ ಹಿಂಬದಿಯನ್ನು ನೋಡಿ. ಪಲ್ಪರ್ ಒಂದೇ ದಿಕ್ಕಿಗೆ ತಿರುಗುವ ಯಂತ್ರ. ಪ್ರತಿ ಹಲ್ಲಿನ ಒಂದು ಬದಿಗೆ ಮಾತ್ರ ಭಾರ ಬೀಳುತ್ತದೆ. ಇನ್ನೊಂದು ಬದಿ ಬಹುತೇಕ ಹೊಸದರಂತೆಯೇ ಇರುತ್ತದೆ. ಲೆಕ್ಕದಿಂದ ಬರೆದ ಹಲ್ಲನ್ನು ಸ್ಕ್ಯಾನಿನ ಆ ಬದಿಯ ಮೇಲೆ ಇಟ್ಟಾಗ ಚೆನ್ನಾಗಿ ಹೊಂದಿತು. ಪಿನಿಯನ್ ವಿಷಯದಲ್ಲಿ ಒಂದು ಎಚ್ಚರಿಕೆ: ಹಲ್ಲು ಕಡಿಮೆಯಿರುವ ಪಿನಿಯನ್‌ನಲ್ಲಿ ಹಲ್ಲಿನ ಬುಡ ಕೊಂಚ ಒಳಗೆ ಕೊರೆದಂತೆ ಇರುವುದುಂಟು. ಅದನ್ನು ಸವೆತವೆಂದು ಭಾವಿಸಿ ತುಂಬಬೇಡಿ. ತುಂಬಿದರೆ ಎದುರು ಹಲ್ಲಿನ ತುದಿ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಸುತ್ತಿಗೊಮ್ಮೆ ಬರುವ ಬಿಗಿತ

ಇದರ ಕಾರಣ ಬೋರ್, ಅಂದರೆ ಗೇರಿನ ನಡುವೆ ಶಾಫ್ಟ್ ಕೂರುವ ತೂತು. ಕೀ (ಗೇರನ್ನು ಶಾಫ್ಟಿಗೆ ಹಿಡಿಯುವ ಲೋಹದ ಬೆಣೆ) ಸಡಿಲಗೊಂಡ ಮೇಲೆಯೂ ಓಡಿಸಿದ್ದರಿಂದ ಬೋರ್ ಅಂಡಾಕಾರವಾಗಿತ್ತು. ಒಂದು ಕಡೆ 31.9, ಅಡ್ಡಕ್ಕೆ 32.3. ನಾನು ಆ ಅಂಡಾಕಾರಕ್ಕೆ ಒಂದು ವೃತ್ತವನ್ನು ಹೊಂದಿಸಿ, ಅದರ ಕೇಂದ್ರವನ್ನೇ ಗೇರಿನ ಕೇಂದ್ರವೆಂದು ತೆಗೆದುಕೊಂಡು, ಬೋರ್ ಮಾತ್ರ 31.75ಕ್ಕೆ ಮಾಡಿಸಿದ್ದೆ. ಬೋರ್ ಸವೆದ ಕಡೆಗೆ ಕೇಂದ್ರವೂ ಜರುಗಿತ್ತು. ಕೇಂದ್ರ 0.2 ಮಿಮೀ ಜರುಗಿದರೆ ಹಲ್ಲುಗಳ ವೃತ್ತ 0.4 ಮಿಮೀ ಓಲಾಡುತ್ತದೆ. ರೈಟರ ಕೈಗೆ ಸಿಕ್ಕ ಸಡಿಲ-ಬಿಗಿ ಅದೇ.

ಹಾಗಾದರೆ ನಿಜವಾದ ಕೇಂದ್ರವನ್ನು ಎಲ್ಲಿಂದ ತರಬೇಕು? ಹಲ್ಲುಗಳ ಸಂದಿನ ತಳದಿಂದ. ಎದುರು ಗೇರಿನ ಹಲ್ಲು ಆ ತಳವನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಅದು ಸವೆದಿರುವುದಿಲ್ಲ. 40 ಸಂದುಗಳ ತಳದಲ್ಲೂ ಬಿಂದು ಆರಿಸಿ ಒಂದು ವೃತ್ತ ಹೊಂದಿಸಿದರೆ ಹಳೆಯ ತಯಾರಕರು ಇಟ್ಟ ಕೇಂದ್ರವೇ ಸಿಗುತ್ತದೆ. ಯಾವ ಭಾಗವನ್ನೇ ತೆಗೆದುಕೊಳ್ಳಿ, ಮಾದರಿ ಶುರುಮಾಡುವ ಮುನ್ನ ಮಾರ್ಕರ್ ಪೆನ್ ಹಿಡಿದು ಅದರ ಮೇಲೆ ಎರಡು ಗುರುತು ಹಾಕಿ: ಮತ್ತೊಂದು ಭಾಗ ಉಜ್ಜುವ ಜಾಗಕ್ಕೆ ಅಡ್ಡಗೆರೆ, ಯಾವುದೂ ಮುಟ್ಟದ ಜಾಗಕ್ಕೆ ಸುತ್ತು. ಅಕ್ಷ, ತಳ, ಕೇಂದ್ರ ಎಲ್ಲವನ್ನೂ ಸುತ್ತು ಹಾಕಿದ ಜಾಗದಿಂದಲೇ ತೆಗೆದುಕೊಳ್ಳಿ.

ಬಣ್ಣದ ನಕ್ಷೆಯನ್ನು ಓದುವ ಬಗೆಯೂ ಇದಕ್ಕೆ ಸೇರಿದ್ದು. ಮಾದರಿಯನ್ನು ಸ್ಕ್ಯಾನಿನೊಂದಿಗೆ ಹೋಲಿಸಿದಾಗ ತಂತ್ರಾಂಶ ಹೊಂದುವ ಕಡೆ ಹಸಿರು, ಹೊಂದದ ಕಡೆ ಕೆಂಪು-ನೀಲಿ ತೋರಿಸುತ್ತದೆ. ಎಲ್ಲವೂ ಹಸಿರಾದರೆ ಕೆಲಸ ಚೆನ್ನಾಗಿದೆ ಎಂದು ಗ್ರಾಹಕರಿಗೆ ತೋರಿಸುವವರಿದ್ದಾರೆ. ಸವೆದ ಭಾಗದ ಮಟ್ಟಿಗೆ ಇದು ಅಪಾಯಕಾರಿ ನಂಬಿಕೆ. ಸರಿಯಾದ ಮಾದರಿಯಲ್ಲಿ ಸವೆಯದ ಜಾಗ ಹಸಿರಾಗಿಯೂ ಸವೆದ ಜಾಗ ಬಣ್ಣವೇರಿಯೂ ಇರಬೇಕು. ಆ ಬಣ್ಣ ಎಷ್ಟು ಲೋಹ ಹೋಗಿದೆ ಎಂಬುದರ ಲೆಕ್ಕ.

ಸ್ಕ್ಯಾನಿನಲ್ಲೇ ಆಗುವ ದೋಷ

ಗೇರ್ ಸ್ಕ್ಯಾನ್ ಮಾಡಿ ಹಲ್ಲು ಎಣಿಸಿ. 39 ಅಥವಾ 41 ಬಂದರೆ ಆಶ್ಚರ್ಯಪಡಬೇಡಿ. ತಂತ್ರಾಂಶ ಒಂದು ತುಣುಕನ್ನು ಇನ್ನೊಂದಕ್ಕೆ ಆಕಾರ ನೋಡಿ ಹೊಂದಿಸುತ್ತದೆ. ಎಲ್ಲ ಹಲ್ಲೂ ಒಂದೇ ರೀತಿ ಇದ್ದಾಗ ಒಂದು ಹಲ್ಲು ಆಚೆಗೆ ಕೂರಿಸಿಬಿಡುತ್ತದೆ. ಗೇರಿನ ಮೈಮೇಲೆ ಮತ್ತು ಸುತ್ತಲಿನ ಹಲಗೆಯ ಮೇಲೆ ಗುರುತಿನ ಸ್ಟಿಕ್ಕರ್‌ಗಳನ್ನು ಅಡ್ಡಾದಿಡ್ಡಿಯಾಗಿ ಅಂಟಿಸಿ. ಸ್ಟಿಕ್ಕರ್ ಇಲ್ಲದಿದ್ದರೆ ಬೇರೆ ಬೇರೆ ಆಕಾರದ ಜೇಡಿಮಣ್ಣಿನ ಉಂಡೆಗಳನ್ನು ಗೇರಿನ ಜೊತೆಗೇ ತಿರುಗುವಂತೆ ಹಲಗೆಯ ಮೇಲೆ ಇಟ್ಟರೂ ಆಗುತ್ತದೆ. ಸುತ್ತು ಮುಗಿಯುವ ಕಡೆ ಸಣ್ಣ ಮೆಟ್ಟಿಲು ಕಂಡರೆ ಹೊಂದಾಣಿಕೆ ಸ್ವಲ್ಪಸ್ವಲ್ಪವೇ ಜಾರಿದೆ. ಆ ಮೆಟ್ಟಿಲನ್ನು ನಯಗೊಳಿಸಿ ಮುಚ್ಚಬೇಡಿ, ಮತ್ತೆ ಸ್ಕ್ಯಾನ್ ಮಾಡಿ.

ಕಪ್ಪಾದ, ಎಣ್ಣೆ ಹಿಡಿದ, ಹೊಳೆಯುವ ಲೋಹವನ್ನು ಸ್ಕ್ಯಾನರ್ ಸರಿಯಾಗಿ ಕಾಣುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬಿಳಿ ಪುಡಿಯ ಸ್ಪ್ರೇಯನ್ನು ತೆಳ್ಳಗೆ ಹೊಡೆಯಿರಿ. ಲೋಹದ ಬಣ್ಣ ಮಸುಕಾಗಿ ಕಂಡರೆ ಸಾಕು. ಗೋಡೆಗೆ ಸುಣ್ಣ ಬಳಿದಂತೆ ಆದರೆ ಒಂದೊಂದು ಬದಿಗೂ 0.1 ಮಿಮೀ ಏರಬಹುದು. ಬೋರ್, ಕೀ ಕೂರುವ ಕಚ್ಚು (ಕೀವೇ), ಆಳದ ತೂತುಗಳನ್ನು ಸ್ಕ್ಯಾನಿನಿಂದ ತೆಗೆಯಲೇಬೇಡಿ. ಬೆಳಕು ಒಳಗೆ ಇಳಿಯದ ಕಡೆ ತಂತ್ರಾಂಶ ತಾನೇ ಊಹಿಸಿ ತುಂಬುತ್ತದೆ. ಬೋರ್ ಗೇಜ್ ಹಾಕಿ ಕೈಯಲ್ಲೇ ಅಳೆಯಿರಿ.

ತಿದ್ದಲು ಬಾರದ ಮಾದರಿ

"ಫೈಲ್ ತೆರೆಯುತ್ತದೆ, ಆದರೆ ಬೋರ್ ಬದಲಿಸಲು ಹೋದರೆ ಏನೂ ಆಗುವುದಿಲ್ಲ" ಎಂಬ ದೂರನ್ನು ಅನೇಕರು ತರುತ್ತಾರೆ. ತ್ರಿಕೋನಗಳ ಜಾಲವನ್ನು ಒಂದು ಗುಂಡಿ ಒತ್ತಿ ಘನ ಮಾದರಿಗಳಿಗೆ ಬಳಸುವ ಸ್ಟೆಪ್ ಫೈಲಿಗೆ ಪರಿವರ್ತಿಸಿದಾಗ ಹೀಗಾಗುತ್ತದೆ. ಹೆಸರಿಗೆ ಅದು ಘನ ಮಾದರಿ. ಒಳಗೆ ಸಾವಿರಾರು ಸಣ್ಣ ತೇಪೆಗಳು. ತೂತು ಎಂಬುದು ಅದಕ್ಕೆ ತೂತೆಂದು ಗೊತ್ತಿಲ್ಲ. ಇದಕ್ಕೆ ರಿಪೇರಿ ಇಲ್ಲ, ಹೊಸದಾಗಿಯೇ ಕಟ್ಟಬೇಕು. ಜಾಲವನ್ನು ಕೆಳಗಿಟ್ಟು ಅದರ ಮೇಲೆ ಸಮತಲ, ಅಕ್ಷ, ವೃತ್ತಗಳನ್ನು ಬರೆದು, ಒಂದೊಂದಕ್ಕೂ ಅಳತೆ ಕೊಟ್ಟು, ಹಲ್ಲಿನ ಸಂಖ್ಯೆ, ಡಿಪಿ, ಬೋರ್ ಇವುಗಳನ್ನು ಬದಲಿಸಿದರೆ ಇಡೀ ಮಾದರಿಯೇ ಬದಲಾಗುವಂತೆ ಮಾಡಿ. ಪಂಪಿನ ಇಂಪೆಲ್ಲರ್‌ನ ಬಾಗಿದ ರೆಕ್ಕೆಗಳಂಥ ಕಡೆ ಮಾತ್ರ ಸ್ಕ್ಯಾನಿನ ಮೇಲ್ಮೈಯನ್ನು ಹಾಗೆಯೇ ಬಳಸಿಕೊಳ್ಳಬಹುದು.

ಕಟ್ಟುವ ಮುನ್ನ ಜಾಲವನ್ನು ನೆಟ್ಟಗೆ ನಿಲ್ಲಿಸಿ. ಓರೆಯಾಗಿ ನಿಂತ ಶಾಫ್ಟನ್ನು ಅಡ್ಡಕ್ಕೆ ಸೀಳಿದರೆ ವೃತ್ತ ಸಿಗುವುದಿಲ್ಲ, ಅಂಡಾಕಾರ ಸಿಗುತ್ತದೆ. 5 ಡಿಗ್ರಿ ಓರೆಯಿದ್ದರೆ 31.75ರ ಶಾಫ್ಟ್ ಒಂದು ದಿಕ್ಕಿಗೆ 31.87 ಎಂದು ತೋರುತ್ತದೆ. ಇಲ್ಲದ ಸವೆತವನ್ನು ಹುಡುಕುತ್ತಾ ಒಂದು ಮಧ್ಯಾಹ್ನ ಕಳೆದುಹೋಗುತ್ತದೆ.

ಬೋಲ್ಟಿನ ಥ್ರೆಡ್‌ಗಳನ್ನಂತೂ ಎಂದಿಗೂ ಸ್ಕ್ಯಾನಿನಿಂದ ಬರೆಯಬೇಡಿ, ಗುರುತಿಸಿ. ಹಳೆಯ ಇಂಚು ಪದ್ಧತಿಯ ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟ್‌ಗೆ ಇಂಚಿಗೆ 12 ಸುತ್ತು, ಕೋನ 55 ಡಿಗ್ರಿ. 12 ಮಿಮೀ ಮೆಟ್ರಿಕ್ ಬೋಲ್ಟ್‌ಗೆ 1.75 ಮಿಮೀ ಪಿಚ್, ಕೋನ 60 ಡಿಗ್ರಿ. ತುಕ್ಕು ಹಿಡಿದು ಸವೆದಾಗ ಎರಡೂ ಒಂದೇ ದಪ್ಪ ಕಾಣುತ್ತವೆ. ಥ್ರೆಡ್ ಗೇಜ್ ಹಚ್ಚಿ ನೋಡಿದರೆ ಅರ್ಧ ನಿಮಿಷದ ಕೆಲಸ.

ನಮ್ಮ ಮಳೆ, ನಮ್ಮ ಚಳಿ

ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗದ, ಆದರೆ ಕೊಡಗಿನಲ್ಲಿ ಕೆಲಸ ಮಾಡುವವರನ್ನು ಖಂಡಿತ ಕಾಡುವ ದೋಷಗಳಿವು. ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ನೀರಿನಲ್ಲೇ ಇದ್ದರೆ ತನ್ನ ತೂಕದ ಶೇ 9ರ ಹತ್ತಿರದವರೆಗೂ ಹೀರಿ ಹಿಗ್ಗುತ್ತದೆ. ಜುಲೈ ಮಳೆಯಲ್ಲಿ ತೋಟದಿಂದ ಬಂದ ಬುಷ್‌ನ ಅಳತೆಗೂ ಅದೇ ಬುಷ್ ಫೆಬ್ರವರಿಯಲ್ಲಿ ತೋರುವ ಅಳತೆಗೂ ವ್ಯತ್ಯಾಸವಿರುತ್ತದೆ. ಆದ್ದರಿಂದ ನೈಲಾನ್ ಬುಷ್‌ನ ಒಳ ವ್ಯಾಸವನ್ನು ಬುಷ್‌ನಿಂದ ತೆಗೆಯದೆ, ಅದರೊಳಗೆ ತಿರುಗುವ ಶಾಫ್ಟಿನಿಂದ ಲೆಕ್ಕ ಹಾಕಿ. ನೀರಿನಲ್ಲಿ ನೆನೆಯುವ ಪಲ್ಪರ್ ಬುಷ್‌ಗೆ ಸಂದು ಕೊಂಚ ಹೆಚ್ಚೇ ಬಿಡಿ. ಮರದ ಪ್ಯಾಟರ್ನ್ ಕೂಡ ಹೀಗೆಯೇ. ಮಳೆಗಾಲದಲ್ಲಿ ಉಬ್ಬಿದ್ದನ್ನು ಬೇಸಿಗೆಯಲ್ಲಿ ಮತ್ತೆ ಬಳಸುವ ಮೊದಲು ಅಳೆಯಿರಿ.

ಜನವರಿಯ ಮುಂಜಾನೆಗೂ ಮಧ್ಯಾಹ್ನಕ್ಕೂ ಶೆಡ್‌ನೊಳಗೆ 15 ಡಿಗ್ರಿ ಅಂತರ ಬರಬಹುದು. 300 ಮಿಮೀ ಅಲ್ಯೂಮಿನಿಯಂ ಭಾಗ ಅಷ್ಟಕ್ಕೇ 0.1 ಮಿಮೀ ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ಪುಲ್ಲಿಗೆ ಇದು ಲೆಕ್ಕಕ್ಕಿಲ್ಲ, ಬೇರಿಂಗ್ ಕೂರುವ ಜಾಗಕ್ಕೆ ಲೆಕ್ಕವಿದೆ. ಭಾಗವನ್ನು ಹಿಂದಿನ ರಾತ್ರಿಯೇ ಸ್ಕ್ಯಾನರ್ ಇರುವ ಕೋಣೆಯಲ್ಲಿಡಿ. ಸ್ಕ್ಯಾನರನ್ನೂ ಅರ್ಧ ಗಂಟೆ ಚಾಲೂ ಇಟ್ಟು, ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಮಂಜಿನ ದಿನಗಳಲ್ಲಿ ಲೆನ್ಸ್ ಮೇಲೆ ತೇವ ಕೂತಿದೆಯೇ ಎಂದೂ ನೋಡಿ. ಜಾಲದ ಮೇಲ್ಮೈ ಕಾರಣವಿಲ್ಲದೆ ತರಿತರಿಯಾಗಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಕಳುಹಿಸುವ ಮುನ್ನ

ಅಮ್ಮತ್ತಿಯ ಗೇರಿಗೆ ಹೊಸ ಮಾದರಿ ಕಟ್ಟಿದ ಮೇಲೆ ಉಕ್ಕಿಗೆ ಹೋಗಲಿಲ್ಲ. 5 ಮಿಮೀ ದಪ್ಪದ ಬಿಲ್ಲೆಯಾಗಿ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿ, ತೋಟಕ್ಕೆ ಒಯ್ದು, ಅದೇ ಶಾಫ್ಟಿಗೆ ಹಾಕಿ ಹಳೆಯ ಪಿನಿಯನ್ ಜೊತೆ ಕೈಯಲ್ಲಿ ತಿರುಗಿಸಿ ನೋಡಿದೆವು. 40 ಹಲ್ಲೂ ಒಂದೇ ಸಮನಾಗಿ ದಾಟಿದವು. ಆಮೇಲೆ ಗೇರ್ ಮತ್ತು ಪಿನಿಯನ್ ಎರಡನ್ನೂ ಒಟ್ಟಿಗೆ ಮಾಡಿಸಿದೆ. ಹೊಸ ಗೇರಿಗೆ ಸವೆದ ಪಿನಿಯನ್ ಜೋಡಿಸಿದರೆ ಹೊಸದೂ ಬೇಗ ಸವೆಯುತ್ತದೆ. ಮಿಲ್ಲಿಂಗ್ ಮಾಡುವವರಿಗೆ ಚೀಟಿಯಲ್ಲಿ ಹೀಗೆ ಬರೆದುಕೊಟ್ಟೆ: 8 ಡಿಪಿ, 14½ ಡಿಗ್ರಿ, 40 ಹಲ್ಲಿಗೆ 3ನೇ ನಂಬರಿನ ಕಟರ್, 16 ಹಲ್ಲಿಗೆ 7ನೇ ನಂಬರ್.

ಪ್ರಿಂಟ್ ಬಿಲ್ಲೆ ಎಲ್ಲಾದರೂ ಬಿಗಿಯಾದರೆ ಆ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಬಿಲ್ಲೆಯನ್ನು ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ಬಿಗಿತ ಗುರುತಿನ ಜೊತೆಗೇ ಬಂದರೆ ದೋಷ ಗೇರಿನಲ್ಲಿದೆ. ಶಾಫ್ಟಿನ ಅದೇ ಜಾಗದಲ್ಲೇ ಉಳಿದರೆ ಶಾಫ್ಟ್ ಬಾಗಿದೆ. ಗೇರಿನ ಫೈಲ್ ಮುಚ್ಚಿ, ಶಾಫ್ಟನ್ನು ಬಿಚ್ಚಿ ಲೇತಿನ ಮೇಲೆ ಕಟ್ಟಿ ಡಯಲ್ ಗೇಜ್ ಹಚ್ಚಿ ಓಲಾಟ ನೋಡಿ.